ಅಂಟಿಸಿದ ದುಃಖ

ಮನೆಯಿಂದ,
ಸೋಮವಾರ ಬೆಳಿಗ್ಗೆ

ಕ್ಯಾಮೆರಾ ಹೊತ್ತು ಊರೂರು ಸುತ್ತುವ ನನ್ನ ಮಗರಾಯನಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಸಮುದ್ರದ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಕತ್ತಿಗೆ ಏನಾದರೂ ಸುತ್ತಿಕೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಿನ್ನ ಅಮ್ಮ ಚೆನ್ನಾಗಿದ್ದಾಳೆ, ನನಗೆ ಪಿತ್ತ ನೆತ್ತಿಗೇರಿದೆ. ಕಾರಣ ನೀನೇ.

ನಿನ್ನೆ ಚಿತ್ರ ಕಂಪನಿಯ ಯಜಮಾನರು ನಾಲ್ಕು ಜನರನ್ನು ಕರೆದು ನಮ್ಮ ಚಿತ್ರ ತೋರಿಸಿದರು. ಕಥೆಯಲ್ಲಿ ಮೊಮ್ಮಗು ಸತ್ತಾಗ ನಾನು ಎದೆ ಬಡಿದುಕೊಂಡು ಅಳುವ ದೃಶ್ಯಕ್ಕೆ ಕಾದು ಕುಳಿತಿದ್ದೆ. ಬರಲೇ ಇಲ್ಲ! ಅದರ ಬದಲು ಗೋಡೆಯಷ್ಟು ದೊಡ್ಡದಾಗಿ ನನ್ನ ಮುಖ ಬಂತು. ಕೈಯಿಲ್ಲ, ಕಾಲಿಲ್ಲ, ಬರೀ ಮುಖ. ಆಮೇಲೆ ಖಾಲಿ ತೊಟ್ಟಿಲು. ಮತ್ತೆ ಮುಖ. ಅಷ್ಟೇ ನೋಡು, ಕತ್ತಲಲ್ಲಿ ಒಬ್ಬೊಬ್ಬರೇ ಮೂಗು ಸೀಟತೊಡಗಿದರು. ಅಯ್ಯೋ ಮಾರಾಯಾ, ನಾನು ಅಳುತ್ತಿರಲಿಲ್ಲವೋ! ಬೂಟು ಹೊಲಿಸಲು ಒಯ್ದವನು ಇನ್ನೂ ಬಂದಿಲ್ಲವೆಂದು ಬರಿಗಾಲಲ್ಲಿ ಕೂತು ಕಾಯುತ್ತಿದ್ದೆ. ನೀನು ನನಗೊಂದು ಮಾತೂ ಹೇಳದೆ ಕ್ಯಾಮೆರಾದ ಹಿಡಿ ತಿರುಗಿಸಿ ಆ ಮುಖವನ್ನು ತೆಗೆದುಕೊಂಡು, ತೊಟ್ಟಿಲಿನ ಹಿಂದೆ ಮುಂದೆ ಅಂಟಿಸಿದ್ದೀಯ. ಆ ತೊಟ್ಟಿಲನ್ನು ನಾನು ಕಣ್ಣಿಂದ ಕಂಡೇ ಇಲ್ಲ!

ನಾಟಕದಲ್ಲಿ ಕೊನೆಯ ಸಾಲಿನವನಿಗೂ ಮುಟ್ಟುವ ಹಾಗೆ ಅತ್ತವನು ನಾನು. ನಿಮ್ಮ ಮೂಕಚಿತ್ರ ದನಿಯನ್ನು ಮೊದಲೇ ನುಂಗಿತು, ಈಗ ಅಭಿನಯವೂ ಬೇಡವಂತೆ. ‘ಈ ಮುಖ ಕಿತ್ತಾಕ್ಸಿ, ಆ ಅಳು ಹಾಕ್ಸಿ’ ಎಂದು ಯಜಮಾನರ ಜೊತೆ ಜಗಳಕ್ಕೇ ನಿಂತೆ. ‘ಹೋದ್ಸಲ ತೋರ್ಸಿದಾಗ ನಿಮ್ಮ ಅಳು ನೋಡಿ ಜನ ನಕ್ಕುಬಿಟ್ರು ಸ್ವಾಮಿ. ನಿಮ್ಮ ಮಗ ಕತ್ತರಿ ಹಾಕಿ ನಿಮ್ಮ ಮಾನ ಉಳಿಸ್ದ’ ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಸಾಲದ್ದಕ್ಕೆ ನಿನ್ನ ಅಮ್ಮ ಬೇರೆ, ಕಣ್ಣೊರೆಸಿಕೊಳ್ಳುತ್ತಾ, ‘ಮದ್ವೆ ಆದಾಗ್ನಿಂದ ನೀವು ಸುಮ್ನಿದ್ದಿದ್ದನ್ನ ಇವತ್ತೇ ರೀ ನೋಡಿದ್ದು’ ಅನ್ನಬೇಕೆ! ಉರಿಯುವ ಬೆಂಕಿಗೆ ತುಪ್ಪ.

ಮುಂದಿನ ಚಿತ್ರಕ್ಕೂ ನಾನೇ ಬೇಕಂತೆ, ಅದೇ ಮುಖ ಬೇಕಂತೆ. ಎಲ್ಲಿಂದ ತರಲಿ? ಬೆಳಗಿನಿಂದ ಕನ್ನಡಿಯ ಮುಂದೆ ನಿಂತಿದ್ದೇನೆ, ಬರುತ್ತಿಲ್ಲ. ಒಲ್ಲೆ ಅನ್ನೋಣವೆಂದರೆ ನಾಟಕ ಕಂಪನಿ ಮುಚ್ಚಿಹೋಗಿದೆ, ಈ ವಯಸ್ಸಿನಲ್ಲಿ ಇನ್ನಾರು ನನಗೆ ಬಣ್ಣ ಹಚ್ಚುತ್ತಾರೆ? ನಿಜ ಹೇಳುತ್ತೇನೆ, ನನಗೆ ಭಯವಾಗಿದೆ ಕಣೋ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿದ್ದೇನೆ.

ಇತಿ,
ಕೈಕಾಲು ಕಳೆದುಕೊಂಡ ನಿನ್ನ ಅಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಒಪ್ಪಿಕೊಂಡಿದ್ದೇನೆ ಎಂದು ಯಜಮಾನರಿಗೆ ಹೇಳಿಕಳಿಸಿದೆ. ಕ್ಯಾಮೆರಾದ ಹಿಂದೆ ನೀನೇ ಇರಬೇಕು, ಬೇಗ ಬಾ. ಯಾವಾಗ ತೆಗೆಯುತ್ತೀಯ ಅಂತ ಮಾತ್ರ ನನಗೆ ಹೇಳಬೇಡ. ಹೇಳಿದರೆ ನಟಿಸಿಬಿಡುತ್ತೇನೆ.