ಆ ಲೇಬಲ್ ಅಂಟಿಸಿದ ಕೈ ನನ್ನದು

ಮಾನ್ಯ ಪರವಾನಗಿ ಅಧಿಕಾರಿಗಳೇ,

ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ ಅರಸಿನ-ಕಾಳುಮೆಣಸಿನ ಕ್ಯಾಪ್ಸೂಲ್ ಡಬ್ಬಿಗಳಿಗೆ ಲೇಬಲ್ ಅಂಟಿಸುವವಳು ನಾನು. ‘ಕ್ಯಾನ್ಸರಿನ ಕಿಣ್ವವನ್ನು ತಡೆಯುತ್ತದೆ’ ಎಂಬ ಸಾಲಿನ ಕೆಳಗೆ ನಿಮ್ಮ ಕಚೇರಿ ಕೊಟ್ಟ ಪರವಾನಗಿ ನಂಬರು ಉಂಟು. ಅದನ್ನು ನಂಬಿ ನಾನು ಒಬ್ಬರಿಗೆ ಕೇಡು ಮಾಡಿದೆನೋ ಏನೋ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಓದಿ.

ಬಿಕರ್ನಕಟ್ಟೆಯಲ್ಲಿ ನನ್ನ ಪಕ್ಕದ ಮನೆ ನೆಲ್ಲಿಬಾಯಿಯವರದು. ಎದೆಯ ಗಡ್ಡೆಗೆ ಅವರಿಗೆ ಕಿಮೋ ನಡೆಯುತ್ತಿತ್ತು. ಲೇಬಲ್ ಓರೆಯಾದ ಡಬ್ಬಿಗಳನ್ನು ಶೆಡ್ಡಿನವರು ನಮಗೇ ಕೊಡುತ್ತಾರೆ. ಅಂಥ ಎರಡನ್ನು ಅವರಿಗೆ ಕೊಟ್ಟೆ. “ಸರಕಾರದ ನಂಬರು ಉಂಟು ಬಾಯಮ್ಮ, ಹೆದರ್ಬೇಡಿ” ಎಂದೆ.

ಮೂರನೇ ವಾರ ಅವರ ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ಜೊತೆಯಲ್ಲಿ ನಾನೇ ಹೋದೆ. “ಬೇರೆ ಎಂತಾದ್ರೂ ತಿಂತಾ ಇದ್ದೀರಾ?” ಎಂದು ಡಾಕ್ಟರಮ್ಮ ಕೇಳಿದಾಗ ನೆಲ್ಲಿಬಾಯಿ ನನ್ನ ಮುಖ ನೋಡಿದರು. ಕೆಲಸ ಹೋದೀತೆಂದು ನಾನು ನೆಲ ನೋಡಿದೆ. “ಇಲ್ಲ” ಎಂದರು ಅವರು, ನನಗೋಸ್ಕರ.

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಐದನೆಯ ದಿನ ಡಬ್ಬಿ ಹಿಡಿದುಕೊಂಡು ಒಬ್ಬಳೇ ಹೋಗಿ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಲೇಬಲ್ಲಿನಲ್ಲಿ ಬರೆದದ್ದು ದೇಹದ ವಿಷವನ್ನು ಹೊರಗೆ ಹಾಕುವ ಕಿಣ್ವವಂತೆ; ಗಡ್ಡೆಯೊಳಗೆ ಹೆಚ್ಚಾದರೆ ಕಿಮೋ ಮದ್ದನ್ನೂ ಹೊರಗೆ ಹಾಕುತ್ತದಂತೆ. ಅರಸಿನದ ಸತ್ವ ಅದನ್ನು ತಡೆದದ್ದು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಂತೆ.

“ಅದೇ ಜಾತಿಯ ಕಿಣ್ವ ಲಿವರನ್ನೂ ಕಾಯ್ತದೆ. ಗಡ್ಡೆಯಲ್ಲಿ ಮಾತ್ರ ತಡೆ, ಲಿವರಿನ ತಂಟೆಗೆ ಹೋಗ್ಬೇಡ ಅಂತ ಕ್ಯಾಪ್ಸೂಲಿಗೆ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ?”

“ಹಾಗಾದ್ರೆ ನನ್ನಿಂದಲೇ ಆದದ್ದಾ?”

“ಹೌದು ಅಂತಲೂ ಹೇಳ್ಲಿಕ್ಕಾಗುದಿಲ್ಲ, ಅಲ್ಲ ಅಂತಲೂ.”

ಕಿಮೋ ನಿಂತಿದೆ. ಇನ್ನು ಯಾವಾಗ ಎಂದು ಗೊತ್ತಿಲ್ಲ.

ನೀವು ಕೊಟ್ಟ ಪರವಾನಗಿ ಕಾಗದದ ಪ್ರಕಾರ ಇದು ಔಷಧವಲ್ಲ, ಆಹಾರವಂತೆ. ಆಹಾರವಾದರೆ ‘ದಿನಕ್ಕೆ ಎರಡು, ಊಟದ ನಂತರ’ ಎಂಬುದೇಕೆ? ಬಂಗುಡೆ ಮೀನಿನ ಮೇಲೆ ಯಾರಾದರೂ ಹಾಗೆ ಬರೆದದ್ದುಂಟೇ? ಔಷಧವಾದರೆ, ಯಾರು ತಿನ್ನಬಾರದೆಂದು ಬರೆಸಲಿಲ್ಲವೇಕೆ? ಲೇಬಲ್ಲಿನಲ್ಲಿ ಅಷ್ಟು ದೊಡ್ಡ ಎಲೆಯ ಚಿತ್ರಕ್ಕೆ ಜಾಗ ಸಿಕ್ಕಿತು, ಒಂದು ಎಚ್ಚರಿಕೆಗೆ ಸಿಗಲಿಲ್ಲವೇ? ನಿಮ್ಮನ್ನು ಬೈದರೆ ನನ್ನ ಪಾಪ ಕಡಿಮೆಯಾಗುವುದಿಲ್ಲ, ಗೊತ್ತು. ನಂಬರು ಕೊಟ್ಟವರು ನೀವು. ಡಬ್ಬಿ ಕೊಟ್ಟವಳು ನಾನು.

ಮೊನ್ನೆ ನೆಲ್ಲಿಬಾಯಿ ಅಂಗಳದಿಂದಲೇ ಕರೆದರು: “ನೀನು ಪ್ರೀತಿಯಲ್ಲಿ ಕೊಟ್ಟದ್ದಲ್ವಾ ದೇಯಿ? ಬಾ, ಚಾ ಕುಡಿ.” ಬೈದಿದ್ದರೆ ಒಳ್ಳೆಯದಿತ್ತು.

ಕ್ಯಾನ್ಸರಿನ ಕಿಣ್ವದ ಆ ಸಾಲನ್ನು ತೆಗೆಸಿ. ‘ಕಿಮೋ ನಡೆಯುತ್ತಿರುವವರು ಡಾಕ್ಟರರಿಗೆ ಹೇಳದೆ ನುಂಗಬೇಡಿ’ ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿಸಿ. ಶೆಡ್ಡಿನಲ್ಲಿ ಇನ್ನೂ ಹೊರಡದ ಡಬ್ಬಿಗಳು ಉಂಟು. ಈ ಪತ್ರದ ಮೇಲೂ ನನ್ನ ಕೆಲಸ ಉಳಿದರೆ ಹೊಸ ಲೇಬಲನ್ನು ನಾನೇ ಅಂಟಿಸುತ್ತೇನೆ, ಒಂದೂ ಓರೆಯಾಗದಂತೆ.

ಇಂತಿ,
ನಿಮ್ಮ ನಂಬರನ್ನು ನಂಬಿದ, ನೆಲ್ಲಿಬಾಯಿ ಈಗಲೂ ನಂಬುವ
ದೇಯಿ, ಬಿಕರ್ನಕಟ್ಟೆ