ಮುಂದಿನ ಚಕ್ರ ನೋಡು

ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ನನ್ನ ಜಗಳಗಂಟಿ ಪುಟ್ಟಿಗೆ,

ನಾನು ಚೆನ್ನಾಗಿದ್ದೇನೆ, ಗಾಡಿಯೂ ಚೆನ್ನಾಗಿದೆ. ಇಬ್ಬರ ಆರೋಗ್ಯವನ್ನೂ ಶನಿವಾರ ನೀನೇ ಹಿಂದೆ ಕೂತು ಪರೀಕ್ಷೆ ಮಾಡಿ ಹೋಗಿದ್ದೀಯ, ಹಾಗಾಗಿ ಆ ಮಾತು ಬೆಳೆಸುವುದಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದೂ ಅಲ್ಲದೆ ನಾನು ಫೋನು ಮಾಡಿದಾಗಲೆಲ್ಲ ನೀನು ಕಾರು ಓಡಿಸುತ್ತಾ ಇರುತ್ತೀಯ. ಕಾರು ಓಡಿಸುತ್ತಾ ಕಾಗದ ಓದಲಿಕ್ಕಾಗುವುದಿಲ್ಲ. ನಿನ್ನಿಂದ ಅದೂ ಆದೀತು ಅನ್ನಿಸಿದರೆ ದಯವಿಟ್ಟು ಮೊದಲು ಕಾರು ನಿಲ್ಲಿಸು.

ನಿನ್ನ ಆಫೀಸಿನ ಗುಮಾಸ್ತರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಂದಿನಿಂದ ನೀನು ನನ್ನ ಜೀವ ತಿಂದಿದ್ದು ಅಷ್ಟಿಷ್ಟಲ್ಲ. ಗಾಡಿ ಮಾರು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಕನ್ನಡಕದ ಗಾಜು ಹಂಚಲಿಕ್ಕೆ ಒಬ್ಬ ಆಳು ಇಟ್ಟುಕೋ, ನೀನು ಮನೆಯಲ್ಲಿ ಕೂತು ಲೆಕ್ಕ ನೋಡಿಕೋ ಅಂತ. ಕೂತು ಲೆಕ್ಕ ನೋಡುವವರ ಗತಿ ನಿನ್ನ ಗಂಡನ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ. (ಇದನ್ನು ಅಳಿಯಂದಿರಿಗೆ ಓದಿ ಹೇಳಬೇಡ.)

ನಿನ್ನಪ್ಪ ಹೋದ ಮೇಲೆ ಅವರ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಶುರು ಮಾಡಿದ ಕೆಲಸ ಇದು. ಗಾಜು ಉಜ್ಜುವ ಕಾರ್ಖಾನೆಯಿಂದ ಕನ್ನಡಕದಂಗಡಿಗಳಿಗೆ, ದಿನಾ ಬೆಳಿಗ್ಗೆ. ಊರಿಗೆಲ್ಲ ಕಣ್ಣು ಕೊಡುವವಳು ನಾನು, ಊರಲ್ಲಿ ಯಾರ ಕಣ್ಣಿಗೂ ಕಾಣದವಳೂ ನಾನೇ. ಎರಡನೆಯ ಮಾತು ತಮಾಷೆಗೆ ಹೇಳಿದ್ದಲ್ಲ. ನಾನು ಗಾಡಿ ಓಡಿಸುವ ರೀತಿ ನಿಂತಿರುವುದೇ ಅದರ ಮೇಲೆ.

ಅದಕ್ಕೇ ನಿನಗೆ ಮಾತು ಕೊಟ್ಟೆ. ಒಂದು ಬೆಳಿಗ್ಗೆ ಹಿಂದೆ ಕೂತು ಬಾ, ಆಮೇಲೂ ಮಾರು ಅಂದರೆ ಮಾರುತ್ತೇನೆ ಅಂತ. ನಿಜವಾಗಿಯೂ ಮಾರುತ್ತಿದ್ದೆ ಕಣೇ.

ಗಾಡಿ ಹತ್ತಿದವಳು ನನ್ನ ಸೊಂಟ ಹಿಡಿದ ಹಿಡಿತ ನೋಡಿ, ನೀನು ಹುಟ್ಟುವಾಗ ನಾನು ನರ್ಸಮ್ಮನ ಕೈ ಹಿಡಿದದ್ದು ನೆನಪಾಯಿತು. ಪಾಪ, ಅವಳೂ ಹೀಗೇ ಅನುಭವಿಸಿರಬೇಕು. ಮೊದಲ ತಿರುವಿಗೇ ನಿನ್ನ ತಕರಾರು ಶುರುವಾಯಿತು. ದಾರಿ ನಮ್ಮದೇ ಅಲ್ಲವಾ, ಯಾಕಮ್ಮ ನಿಧಾನ ಅಂತ ನೀನು. ನಮ್ಮದೇ, ಆದರೆ ಅಲ್ಲಿ ಅಡ್ಡರಸ್ತೆಯಲ್ಲಿ ನಿಂತ ಬಿಳಿ ಕಾರಿನವನಿಗೆ ಅದು ಗೊತ್ತಿಲ್ಲ ಅಂತ ನಾನು. ಅಯ್ಯೋ, ನಮ್ಮನ್ನೇ ನೋಡ್ತಿದ್ದಾನಲ್ಲ ಅಂತ ನೀನು. ಮುಖ ನೋಡಬೇಡ, ಮುಂದಿನ ಚಕ್ರ ನೋಡು ಅಂತ ನಾನು. ಗಾಜು ಕೊಳ್ಳುವ ಅಂಗಡಿಯವರ ಮುಖ ನಗುತ್ತಲೇ ಇರುತ್ತದೆ, ಕಾಲು ಮಾತ್ರ ಒಳಬಾಗಿಲ ಕಡೆ ತಿರುಗಿರುತ್ತದೆ. ನಾನು ಬೆಲೆ ಇಳಿಸುವುದು ಕಾಲು ನೋಡಿ. ಕಾರಿಗೂ ಅದೇ ನಿಯಮ. ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಚಕ್ರ ಉರುಳಿತು, ಬಿಳಿ ಕಾರು ನಮ್ಮ ಮುಂದಿನಿಂದ ಆರಾಮವಾಗಿ ದಾಟಿಕೊಂಡು ಹೋಯಿತು.

ನಿಂತ ಕಾರುಗಳ ಸಾಲಿನ ಪಕ್ಕ ಒಂದು ಬಾಗಿಲಿನಷ್ಟು ದೂರ ಬಿಟ್ಟು ಹೋಗುತ್ತಿದ್ದಾಗ ಅದೂ ಯಾಕೆ ಅಂತ ಕೇಳಿದೆ. ಸೀಟಿನ ಮೇಲೆ ತಲೆ ಕಂಡರೆ ಬಾಗಿಲು ತೆರೆದೇ ತೆರೆಯುತ್ತದೆ ಅಂದುಕೋ ಅಂದೆ. ನಾಲ್ಕು ಕಾರು ಆಚೆ ಒಬ್ಬಾಕೆ ಧಡಾರನೆ ಬಾಗಿಲು ತಳ್ಳಿ, ಕಿವಿಗೆ ಫೋನು ಒತ್ತಿಕೊಂಡು, ಹಿಂದೆ ಮುಂದೆ ನೋಡದೆ ಇಳಿದಳು. ಸಿಗ್ನಲ್ಲಿನಲ್ಲಿ ನಾನು ಮುಂದಿನ ಕಾರಿಗೆ ಅಂಟಿಕೊಳ್ಳದೆ, ಗೇರು ಹಾಕಿಯೇ ಕನ್ನಡಿ ನೋಡುತ್ತಾ ನಿಂತದ್ದು ಯಾಕೆ ಅಂತ ನೀನು ಕೇಳಲೇ ಇಲ್ಲ. ಹಿಂದಿನಿಂದ ಬರುವವನು ನಿಲ್ಲಿಸುತ್ತಾನೋ ಇಲ್ಲವೋ ಅಂತ ನೀನೇ ತಿರುತಿರುಗಿ ನೋಡುತ್ತಿದ್ದೆ.

ಅಷ್ಟು ಹೊತ್ತಿಗೆ ಭಯ ಹೋಗಿ ನಿನಗೆ ಸಿಟ್ಟು ಹತ್ತಿತ್ತು. ಇವರಿಗೆಲ್ಲ ಯಾರಮ್ಮ ಲೈಸೆನ್ಸು ಕೊಟ್ಟಿದ್ದು, ಸ್ಟೀರಿಂಗು ಬಿಟ್ಟು ತಲೆ ಬಾಚಿಕೊಳ್ತಿದ್ದಾನಲ್ಲ ಅವನು, ಕಣ್ಣು ಇರೋದು ಮುಖದಲ್ಲೋ ಬೆನ್ನಲ್ಲೋ, ಕಾರಿನವರೇ ಹೀಗೆ! ಕೊನೆಯ ಮಾತಿಗೆ ನನಗೆ ನಗು ಉಕ್ಕಿ ಬಂತು. ಹೆಲ್ಮೆಟ್ಟಿನ ಉಪಯೋಗ ಒಂದೆರಡಲ್ಲ.

ಕೊನೆಯ ಅಂಗಡಿಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಾ ನೀನು ತೀರ್ಪು ಕೊಟ್ಟೆ. ಇಟ್ಕೋ ನಿನ್ನ ಗಾಡಿ, ನೀನು ಯಾರನ್ನೂ ನಂಬಲ್ಲ, ಅದಕ್ಕೇ ನಂಗೆ ನಿನ್ನ ಮೇಲೆ ನಂಬಿಕೆ ಬಂತು ಅಂದೆ. ವ್ಯಾಪಾರ ಕುದುರಿದ ಮೇಲೆ ಬಾಯಿ ಬಿಡುವವಳು ದಡ್ಡಿ. ಇಷ್ಟು ವರ್ಷ ನಾನು ಆ ದಡ್ಡತನ ಮಾಡಿದವಳಲ್ಲ. ಇವತ್ತು ಮಾಡುತ್ತಿದ್ದೇನೆ.

ನೀನು ಹಿಂದೆ ಕೂತ ಆ ಶನಿವಾರಕ್ಕೆ ಹಿಂದಿನ ವಾರ, ಬ್ಯಾಂಕಿನ ಪಕ್ಕದ ಅಡ್ಡರಸ್ತೆಗೆ ಒಂದು ಬೂದು ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ನನ್ನ ಕಡೆ ತಿರುಗಿ ನೋಡಿದಳು. ನೆಟ್ಟಗೆ ನೋಡಿದಳು. ದೂರದಿಂದಲೂ ಕಾಣಲಿ ಅಂತ ನೀನು ಕೊಡಿಸಿದ್ದೀಯಲ್ಲ ಕಿತ್ತಳೆ ಬಣ್ಣದ ಜಾಕೀಟು, ಅದನ್ನೇ ಹಾಕಿದ್ದೆ. ನೋಡಿದವಳು, ಪಕ್ಕದ ಸೀಟಿನ ಮೇಲೆ ಏನನ್ನೋ ತಡಕಾಡುತ್ತಾ ಕಾರು ಬಿಟ್ಟೇ ಬಿಟ್ಟಳು. ಚಕ್ರ ಮಿಸುಕಿದ್ದು ಕಂಡು ನಾನಾಗಲೇ ಬ್ರೇಕು ಹಿಡಿದಿದ್ದೆ. ಬಂಪರು ನನ್ನ ಮೊಣಕಾಲಿನ ಮುಂದೆಯೇ ಹಾದು ಹೋಯಿತು. ಬೈಯಲಿಕ್ಕೆ ಬಾಯಿ ತೆರೆದೆ. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳನ್ನು ಕೂರಿಸಿ ಬೆಲ್ಟು ಕಟ್ಟುವ ಹಳದಿ ಕುರ್ಚಿ ಇತ್ತು.

ನೀನೇ ಕಣೇ ಅದು.

ದೂರುತ್ತಿಲ್ಲ. ನಿನ್ನ ಕಣ್ಣು ಹುಡುಕಿದ್ದು ಕಾರನ್ನು. ಕಾರು ಬರುತ್ತಿರಲಿಲ್ಲ. ರಸ್ತೆ ಖಾಲಿ ಅಂತ ಅದು ಲೆಕ್ಕ ಮುಗಿಸಿತು. ಎಲ್ಲರ ಕಣ್ಣೂ ಹೀಗೇ ಮೋಸ ಮಾಡುತ್ತದೆ, ಈ ದೋಷಕ್ಕೆ ನನ್ನ ಡಬ್ಬಿಯಲ್ಲಿ ಗಾಜಿಲ್ಲ. ಅವತ್ತೇ ಹೇಳಿದ್ದರೆ ನೀನು ಅತ್ತು ಕರೆದು, ಕಾರಿನ ಕೀಲಿ ಗಂಡನ ಕೈಗೆ ಕೊಟ್ಟು, ನನ್ನ ಗಾಡಿಯನ್ನೂ ಮಾರಿಸುತ್ತಿದ್ದೆ. ಅದಕ್ಕೇ ಮೊದಲು ಹಿಂದೆ ಕೂರಿಸಿಕೊಂಡೆ, ಈಗ ಹೇಳುತ್ತಿದ್ದೇನೆ. ಕುತಂತ್ರ ಅಂತೀಯಾ? ಅನ್ನು.

ನಾನು ಬಿದ್ದಿದ್ದರೆ ಮೂಳೆ ಮುರಿಯುತ್ತಿತ್ತು, ಕೂಡಿಕೊಳ್ಳುತ್ತಿತ್ತು. ಆದರೆ ನೀನು ಓಡಿ ಬಂದು, ಬಿದ್ದವಳ ಹೆಲ್ಮೆಟ್ಟು ತೆಗೆದು ಮುಖ ನೋಡುತ್ತಿದ್ದೆಯಲ್ಲ, ಅದು ಯಾವ ಡಾಕ್ಟರಿಂದಲೂ ಕೂಡಿಸಲಿಕ್ಕಾಗುತ್ತಿರಲಿಲ್ಲ. ನಾಳೆ ನಿನ್ನೆದುರು ಬರುವವಳು ಚಕ್ರ ನೋಡುವುದು ಗೊತ್ತಿಲ್ಲದ ಹೊಸ ಹುಡುಗಿಯಾಗಿದ್ದರೆ? ಅವಳಿಗೂ ಮನೆಯಲ್ಲಿ ಜಗಳ ಮಾಡುವವರು ಯಾರೋ ಇರುತ್ತಾರೆ.

ಕಾರು ಬಿಡಬೇಡ. ಮಗುವಿಗೆ ಅದು ಬೇಕು, ನಿನಗೂ ಬೇಕು. ತಿರುವಿನಲ್ಲಿ ಕಾರು ಬರುತ್ತಿದೆಯಾ ಅಂತ ನೋಡು. ಆಮೇಲೆ ಇನ್ನೊಂದು ಸಲ, ಅಮ್ಮ ಬರುತ್ತಿದ್ದಾಳಾ ಅಂತ ನೋಡು. ಸಣ್ಣಗೆ, ಒಂದೇ ದೀಪ ಹಚ್ಚಿಕೊಂಡು. ಫೋನು ಚೀಲದಲ್ಲಿರಲಿ, ಚೀಲ ಹಿಂದಿನ ಸೀಟಿನಲ್ಲಿರಲಿ. ನಾನು ಮಾಡಿದರೂ ಎತ್ತಬೇಡ, ನಾನು ಬೇಜಾರು ಮಾಡಿಕೊಂಡರೂ ಎತ್ತಬೇಡ.

ಮೊಮ್ಮಗಳಿಗೆ ಮುತ್ತು. ಅಳಿಯಂದಿರಿಗೆ ನಾಲ್ಕು ಹೆಜ್ಜೆ ನಡೆಯಲು ಹೇಳು.

ಇನ್ನೂ ಗಾಡಿಯ ಒಡತಿಯಾಗಿರುವ,
ನಿನ್ನ ಅಮ್ಮ

ತಾ.ಕ.: ಮೇಲೆ ದೊಡ್ಡ ಧೈರ್ಯಸ್ಥೆಯ ಹಾಗೆ ಬರೆದಿದ್ದೇನೆ. ನಿನ್ನ ಕಾರು ನನ್ನ ಮುಂದೆ ಹಾದು ಹೋದ ಮರುದಿನ ನಾನು ಗಾಡಿ ಮುಟ್ಟಲಿಲ್ಲ, ಅದರ ಮರುದಿನವೂ ಮುಟ್ಟಲಿಲ್ಲ. ರಿಪೇರಿಗೆ ಬಿಟ್ಟಿದ್ದೇನೆ ಅಂತ ಅಂಗಡಿಯವರಿಗೆ ಸುಳ್ಳು ಹೇಳಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದೆ. ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಕಂಡ ಕಂಡ ಬೂದು ಕಾರಿನೊಳಗೆಲ್ಲ ಇಣುಕುತ್ತಿದ್ದೆ. ಎರಡನೆಯ ದಿನ, ಗಾಜು ಇಳಿಸಿದ್ದ ಒಂದು ಕಾರಿನಲ್ಲಿ ನೀನು ಸಿಕ್ಕಿದೆ. ಮಗುವಿಗೆ ಏನೋ ಹಾಡು ಹೇಳಿಕೊಡುತ್ತಾ ಹೋಗುತ್ತಿದ್ದೆ, ಅವಳು ತಪ್ಪು ತಪ್ಪಾಗಿ ಕಿರುಚುತ್ತಿದ್ದಳು, ಇಬ್ಬರೂ ನಗುತ್ತಿದ್ದಿರಿ. ನಾನು ಕೈ ಬೀಸಲಿಲ್ಲ. ನೀನು ರಸ್ತೆ ನೋಡುತ್ತಿದ್ದೆ. ಮುಂದಿನ ಸ್ಟಾಪಿನಲ್ಲೇ ಇಳಿದು, ಮನೆಗೆ ನಡೆದು ಬಂದು ಗಾಡಿ ಒರೆಸಿದೆ.