ಉತ್ತರದ ಕೆಳಗಿನ ಹೆಸರು

ಟೇಕಲ್, ೧೪ ಅಕ್ಟೋಬರ್ ೨೦೨೫, ಮಂಗಳವಾರ

ಇವರ ಮಾತು ಇನ್ನೂ ಚುಚ್ತಾನೇ ಇದೆ. ರೇಷ್ಮೆ ಬೆಳೆಗಾರರ ಆನ್‌ಲೈನ್ ಫೋರಂನಲ್ಲಿ ಉತ್ತರ ಬರೆಯೋಳು ನಾನು, ಹೆಸರು ಮಾತ್ರ ಯಜಮಾನರದು. ಇವತ್ತು ಫೋಟೋಶಾಪ್‌ನಲ್ಲಿ ಸಿಗ್ನೇಚರ್ ಚಿತ್ರ, ಅಂದ್ರೆ ಪ್ರತಿ ಉತ್ತರದ ಕೆಳಗೂ ಕಾಣೋ ಸಹಿಯಂಥ ಚಿತ್ರ, ಮಾಡೋದು ಕಲಿತೆ. ಹಿಪ್ಪುನೇರಳೆ ಎಲೆ ಒಂದು ಲೇಯರ್, ಅದರ ಮೇಲೆ 'ಶೋಭಾರಾಣಿ, ಟೇಕಲ್' ಅಂತ ಇನ್ನೊಂದು. ಚಿಕ್ಕದು ಮಾಡಿದಾಗ ಅಕ್ಷರ ಕಲಸಿಹೋಯ್ತು. ಅಳಿಸಿ ದಪ್ಪಗೆ ಬರೆದೆ.

ಇವರು ನೋಡಿ, "ಹೆಂಗಸಿನ ಹೆಸರು ಎಲ್ಲರಿಗೂ ಕಾಣಬೇಕೇನೇ? ನಂದೇ ಇರ್ಲಿ ಬಿಡು" ಅಂದ್ರು.

"ಹುಳ ಯಾಕೆ ಸಾಯ್ತಿದೆ ಅಂತ ಒಬ್ಬರು ಕೇಳಿದ್ದಾರೆ. ನಿಮ್ಮ ಹೆಸರಲ್ಲವಾ, ನೀವೇ ಬರೀರಿ" ಅಂತ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಸೊಪ್ಪು ಕೊಯ್ಯಬೇಕು ಅಂತ ಎದ್ದು ಹೋದ್ರು.

ಚಿತ್ರ ಹಾಕಿಬಿಟ್ಟೆ. ಹಳೇ ಉತ್ತರಗಳ ಕೆಳಗೂ ತಾನಾಗೇ ನನ್ನ ಹೆಸರು ಬಂತು, ಒಂದೂ ಬಿಡದೆ. ತೆಗಿ ಅಂದ್ರೆ ತೆಗೆಯಲ್ಲ. ಅತ್ತೆಯಿಂದ ಹೇಳಿಸಿದ್ರೂ ಅಷ್ಟೇ.